ಹಕ್ಕಿಯ ದಾರಿ, ಬಸ್ಸಿನ ದಾರಿ

ಕಳೆದ ಬೇಸಗೆಯ ರಜೆಯಲ್ಲಿ ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗ, ಒಂದು ಮಧ್ಯಾಹ್ನ ನನ್ನ ಹಳೆಯ ಪೆಟ್ಟಿಗೆಯಿಂದ ಜಿಲ್ಲೆಯ ಭೂಪಟವೊಂದನ್ನು ಹೊರಗೆಳೆದು, ಅದನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಕೈಯಲ್ಲಿ ಅಡಿಪಟ್ಟಿ, ಪಕ್ಕದಲ್ಲಿ ಕಾಗದ ಪೆನ್ಸಿಲು. ಬಹಳ ಹೊತ್ತು ಅಳೆದು, ಗುಣಿಸಿ, ಭಾಗಿಸಿ, ಕೊನೆಗೆ ತಲೆಯೆತ್ತಿ ಹೇಳಿದ: "ಅಜ್ಜ, ಇಲ್ಲಿಂದ ಸೊರಬಕ್ಕೆ ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಗೊತ್ತಾ? ಎರಡು ನಿಮಿಷ ಹದಿನೈದು ಸೆಕೆಂಡು!"

ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನೇರ ದೂರ ೩೦ ಕಿಲೋಮೀಟರು. ಜೆಟ್ ವಿಮಾನದ ವೇಗ ಗಂಟೆಗೆ ೮೦೦ ಕಿಲೋಮೀಟರು ಎಂದಿಟ್ಟುಕೊಂಡರೆ ಬರುವ ಉತ್ತರ ಅಷ್ಟೇ. ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ಭೂಗೋಳದ ಪಾಠ ಹೇಳಿದ ನಾನು ಅವನ ಬೆನ್ನು ತಟ್ಟಬೇಕಾಗಿತ್ತು. ತಟ್ಟಿದೆ. ಆದರೆ ಕೈ ಒಂದು ಕ್ಷಣ ತಡೆದದ್ದು ನಿಜ. ಅದು ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಎರಡು ಊರುಗಳ ನಡುವಿನ ದೂರವೆಂದರೆ ಏನು, ಅದನ್ನು ಅಳೆಯುವ ಬಗೆ ಹೇಗೆ, ದೂರಕ್ಕೂ ಕಾಲಕ್ಕೂ ಇರುವ ನಂಟು ಎಂಥದು ಎಂಬುದನ್ನು ಈ ಎರಡು ಪುಟ್ಟ ಊರುಗಳನ್ನೇ ಮುಂದಿಟ್ಟುಕೊಂಡು ಈ ಹದಿನೈದು ನಿಮಿಷ ನಾವು ವಿಚಾರ ಮಾಡೋಣ.

ಭೂಮಿಯ ಮೇಲಿನ ಪ್ರತಿಯೊಂದು ಊರಿಗೂ ಎರಡು ಅಂಕೆಗಳ ವಿಳಾಸವೊಂದುಂಟು. ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಶಿಕಾರಿಪುರ ಇರುವುದು ಸುಮಾರು ೧೪ ಡಿಗ್ರಿ ೧೬ ಕಲೆ ಉತ್ತರ ಅಕ್ಷಾಂಶದಲ್ಲಿ, ೭೫ ಡಿಗ್ರಿ ೨೧ ಕಲೆ ಪೂರ್ವ ರೇಖಾಂಶದಲ್ಲಿ. ಸೊರಬದ ವಿಳಾಸ ೧೪ ಡಿಗ್ರಿ ೨೩ ಕಲೆ, ೭೫ ಡಿಗ್ರಿ ೬ ಕಲೆ. ಡಿಗ್ರಿಯ ಅರುವತ್ತನೆಯ ಒಂದು ಪಾಲನ್ನು ನಮ್ಮ ಪಂಚಾಂಗದವರು ಕಲೆ ಎನ್ನುತ್ತಾರೆ. ಅಂದಮೇಲೆ ಸೊರಬ ನಮಗಿಂತ ೭ ಕಲೆ ಉತ್ತರಕ್ಕೂ ೧೫ ಕಲೆ ಪಶ್ಚಿಮಕ್ಕೂ ಇದೆ ಎಂದಾಯಿತು. ಉತ್ತರ ದಕ್ಷಿಣವಾಗಿ ಒಂದು ಕಲೆಯೆಂದರೆ ನೆಲದ ಮೇಲೆ ಸುಮಾರು ೧.೮೫ ಕಿಲೋಮೀಟರು. ಹಡಗಿನವರೂ ವಿಮಾನದವರೂ ಇಂದಿಗೂ ಬಳಸುವ ನಾವಿಕ ಮೈಲಿ ಹುಟ್ಟಿದ್ದೇ ಇದರಿಂದ. ಅದರ ಉದ್ದ ೧,೮೫೨ ಮೀಟರು. ಪೂರ್ವ ಪಶ್ಚಿಮದ ಕಲೆ ವಿಷುವದ್ವೃತ್ತದಿಂದ ದೂರ ಸರಿದಂತೆಲ್ಲ ಕಿರಿದಾಗುತ್ತ ಹೋಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು ೧.೮ ಕಿಲೋಮೀಟರು. ಹೀಗೆ ಉತ್ತರಕ್ಕೆ ೧೩, ಪಶ್ಚಿಮಕ್ಕೆ ೨೭ ಕಿಲೋಮೀಟರು. ಇವೆರಡು ಲಂಬಕೋನದ ಎರಡು ಭುಜಗಳು. ಅವುಗಳ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಕರ್ಣ ಸಿಕ್ಕುತ್ತದೆ: ೩೦ ಕಿಲೋಮೀಟರು. ಇದೇ ಹಕ್ಕಿ ಹಾರುವ ದಾರಿ ಎಂದು ನಾವು ಕರೆಯುವ ದೂರ.

ಇಷ್ಟು ಸಣ್ಣ ದೂರಕ್ಕೆ ಭೂಮಿಯ ದುಂಡುತನವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ನೆಲದ ಬಾಗನ್ನು ಅನುಸರಿಸಿ ಅಳೆದರೂ, ನೆಲವನ್ನು ಸೀಳಿಕೊಂಡು ದಾರ ಕಟ್ಟಿ ಅಳೆದರೂ ಬರುವ ವ್ಯತ್ಯಾಸ ಕೆಲವೇ ಸೆಂಟಿಮೀಟರು. ಆದರೆ ಇನ್ನೊಂದು ಸೊಗಸನ್ನು ಇಲ್ಲಿ ಗಮನಿಸಬೇಕು. ೧೫ ಕಲೆ ರೇಖಾಂಶವೆಂದರೆ ಕಾಲು ಡಿಗ್ರಿ; ಸೂರ್ಯ ಒಂದು ಡಿಗ್ರಿ ಸರಿಯಲು ತೆಗೆದುಕೊಳ್ಳುವುದು ನಾಲ್ಕು ನಿಮಿಷ. ಆದ್ದರಿಂದ ಶಿಕಾರಿಪುರದಲ್ಲಿ ನೆತ್ತಿಗೆ ಬಂದ ಸೂರ್ಯ ಸೊರಬದ ನೆತ್ತಿಗೆ ಬರಲು ಸರಿಯಾಗಿ ಒಂದು ನಿಮಿಷ ಬೇಕು. ಜೆಟ್ ವಿಮಾನ ಎರಡೂಕಾಲು ನಿಮಿಷದಲ್ಲಿ ಮುಗಿಸುವ ಪಯಣವನ್ನು ಮಧ್ಯಾಹ್ನವು ಸದ್ದಿಲ್ಲದೆ ಒಂದೇ ನಿಮಿಷದಲ್ಲಿ ಮುಗಿಸಿಬಿಡುತ್ತದೆ. ನಮ್ಮ ಗಡಿಯಾರಗಳೆಲ್ಲ ಒಂದೇ ಭಾರತೀಯ ಕಾಲಮಾನಕ್ಕೆ ಹೊಂದಿಕೊಂಡಿರುವುದರಿಂದ ಈ ನಿಮಿಷ ನಮ್ಮ ಅರಿವಿಗೆ ಬರುವುದಿಲ್ಲ.

ಈ ಅಂಕೆಗಳೆಲ್ಲ ಇಂದು ನಮಗೆ ಕೈಬೆರಳ ತುದಿಯಲ್ಲಿ ಸಿಕ್ಕುತ್ತವೆ. ಇನ್ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳ ಮೂಲಕ ಅಳೆಯುವ ಯೋಜನೆ ಹಾಕಿದ. ೧೮೦೨ರಲ್ಲಿ ಮದರಾಸಿನ ಸಂತ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಸರಪಣಿ ಹಿಡಿದು ಅಳೆದ. ಅಲ್ಲಿಂದ ಮುಂದೆ ನೆಲದ ಮೇಲೆ ಸರಪಣಿ ಎಳೆಯುವ ಅಗತ್ಯ ಅಷ್ಟಾಗಿ ಇರಲಿಲ್ಲ. ಒಂದು ಬೆಟ್ಟದ ತುದಿಯಿಂದ ಇನ್ನೆರಡು ಬೆಟ್ಟಗಳ ತುದಿಗೆ ಕೋನ ಅಳೆದರೆ ಸಾಕು, ಉಳಿದುದನ್ನು ತ್ರಿಕೋನಮಿತಿ ಹೇಳುತ್ತದೆ. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಪಶ್ಚಿಮ ಕರಾವಳಿಯ ಮಂಗಳೂರಿನವರೆಗೆ ಹೋದಾಗ ಒಂದು ವಿಚಿತ್ರ ಬಯಲಾಯಿತು. ಅಲ್ಲಿ ಭಾರತದ ಅಗಲ ೪೦೦ ಮೈಲಿ ಎಂದು ಅದುವರೆಗಿನ ಭೂಪಟಗಳು ತೋರಿಸುತ್ತಿದ್ದವು. ಅಳತೆಯಲ್ಲಿ ಬಂದದ್ದು ೩೬೦ ಮೈಲಿ. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು! ಭೂಪಟವನ್ನು ನಂಬುವ ಮುಂಚೆ ಅದನ್ನು ಅಳೆದವರಾರು, ಹೇಗೆ ಅಳೆದರು ಎಂದು ಕೇಳಬೇಕೆಂಬ ಪಾಠವನ್ನು ನಾನು ಮಕ್ಕಳಿಗೆ ಈ ಕಥೆಯಿಂದಲೇ ಹೇಳುತ್ತಿದ್ದೆ.

ದೂರ ಹೆಚ್ಚಾದರೆ ಭೂಮಿಯ ದುಂಡುತನ ತನ್ನ ಆಟವನ್ನು ತೋರಿಸತೊಡಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹತ್ತಿರದ ದಾರಿ ಯಾವುದು? ಗೋಡೆಯ ಮೇಲಿನ ಭೂಪಟವನ್ನು ನೋಡಿದರೆ ಚೀನ, ಜಪಾನು, ಶಾಂತಸಾಗರ ಎನ್ನುತ್ತೇವೆ. ಆದರೆ ಒಂದು ಗೋಳವನ್ನು ತೆಗೆದುಕೊಂಡು ಎರಡು ನಗರಗಳ ಮೇಲೆ ದಾರವಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರಿ ಧ್ರುವದ ಕಡೆಗೆ ಬಾಗಿ ಹಾಯುತ್ತದೆ. ಗೋಳದ ಮೇಲೆ ಅತಿ ಹತ್ತಿರದ ದಾರಿಯೆಂದರೆ ಮಹಾವೃತ್ತದ ಒಂದು ತುಣುಕು. ಎರಡು ನಗರಗಳ ರೇಖಾಂಶಗಳೂ ಹೆಚ್ಚುಕಡಮೆ ಭೂಮಿಯ ಎದುರು ಬದುರಿನಲ್ಲಿರುವುದರಿಂದ ಆ ವೃತ್ತ ಧ್ರುವದ ಕಡೆಗೆ ಹೋಗಲೇಬೇಕು. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ಮೊದಲ ನೇರ ಹಾರಾಟ ನಡೆಸಿದಾಗ, ಮಹಿಳೆಯರೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿಯಿತು. ನೇರ ದೂರ ಸುಮಾರು ೧೪,೦೦೦ ಕಿಲೋಮೀಟರು. ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳುಹಿಸಿರುವ ನಮ್ಮ ಕಡೆಯ ಎಷ್ಟೋ ಮನೆಗಳ ಹಿರಿಯರು, ಮಕ್ಕಳು ಮಂಜಿನ ಧ್ರುವವನ್ನು ದಾಟಿ ಊರಿಗೆ ಬರಬಹುದೆಂದು ಎಣಿಸಿರಲಾರರು.

ಇನ್ನು ಕಾಲದ ಮಾತು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆಂಬುದು ಪಾಠದ ಪುಸ್ತಕದ ಸೂತ್ರ. ವಿಮಾನ ಈ ಸೂತ್ರಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ೨೦೨೩ರ ಫೆಬ್ರವರಿ ೨೭ರಂದು ಉದ್ಘಾಟನೆಯಾಯಿತು; ಅದೇ ವರ್ಷದ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿಳಿಯಿತು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು ೨೪೦ ಕಿಲೋಮೀಟರು. ಗಂಟೆಗೆ ೫೦೦ ಕಿಲೋಮೀಟರು ಹಾರಬಲ್ಲ ಪಂಖದ ವಿಮಾನಕ್ಕೆ ಅರ್ಧ ಗಂಟೆ ಸಾಕಾಗಬೇಕು. ವೇಳಾಪಟ್ಟಿ ಕೊಡುವುದು ಸುಮಾರು ಒಂದು ಗಂಟೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ವಿಮಾನದವರ ಲೆಕ್ಕ ಚಕ್ರ ಉರುಳಿದಂದಿನಿಂದ ಚಕ್ರ ನಿಂತವರೆಗೆ. ನಿಂತ ಜಾಗದಿಂದ ಓಡುದಾರಿಯ ತುದಿಗೆ ತೆವಳಬೇಕು. ಮುಂದಿನ ವಿಮಾನಗಳು ಏರುವವರೆಗೆ ಕಾಯಬೇಕು. ಏರುವಾಗ ವೇಗ ಕಡಮೆ, ಇಳಿಯುವಾಗ ಇನ್ನೂ ಕಡಮೆ. ಓಡುದಾರಿ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಸುತ್ತಿ ಬರಬೇಕು. ದೂರದ ಹಾರಾಟಗಳಲ್ಲಿ ಇವುಗಳ ಜೊತೆಗೆ ಗಾಳಿಯೂ ಸೇರುತ್ತದೆ. ಉತ್ತರ ಗೋಳಾರ್ಧದ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿಯಿಂದಾಗಿ ಒಂದೇ ದಾರಿಯಲ್ಲಿ ಹೋಗುವ ಕಾಲ ಬೇರೆ, ಬರುವ ಕಾಲ ಬೇರೆ.

ಈಗ ಮೊಮ್ಮಗನ ವಿಮಾನಕ್ಕೆ ಬರೋಣ. ದೊಡ್ಡ ಜೆಟ್ ವಿಮಾನ ಮೂವತ್ತೈದು ಸಾವಿರ ಅಡಿಯಿಂದ ಇಳಿಯಲು ಆರಂಭಿಸುವುದು ನಿಲ್ದಾಣಕ್ಕಿಂತ ಸುಮಾರು ಇನ್ನೂರು ಕಿಲೋಮೀಟರು ಮೊದಲೇ. ಏರಲೂ ಹತ್ತಿರ ಹತ್ತಿರ ಅಷ್ಟೇ ನೆಲ ಬೇಕು. ಅಂದರೆ ಶಿಕಾರಿಪುರದಲ್ಲಿ ಮೇಲೆದ್ದ ಜೆಟ್ಟು ತನ್ನ ಎತ್ತರವನ್ನು ಮುಟ್ಟುವ ಹೊತ್ತಿಗೆ ಸೊರಬವನ್ನು ಎಂದೋ ದಾಟಿರುತ್ತದೆ. ಸೋಗಾನೆಯ ಓಡುದಾರಿಯ ಉದ್ದವೇ ೩.೨ ಕಿಲೋಮೀಟರು, ಅಂಥದೊಂದನ್ನು ಇಲ್ಲಿ ಹಾಸಿದರೆ ಎರಡು ಊರುಗಳ ನಡುವಿನ ಹತ್ತರಲ್ಲೊಂದು ಪಾಲು ಅದರಲ್ಲೇ ಮುಗಿಯಿತು. ಎರಡು ಊರಿಗೂ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಲೇಬೇಕೆಂದು ನಮ್ಮೂರಿನವನು ಹಟ ಹಿಡಿದರೆ, ಸೊರಬಕ್ಕೆ ಬೆನ್ನು ತಿರುಗಿಸಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಶಿವಮೊಗ್ಗದ ಕಡೆ ಹೋಗಬೇಕು.

ಹಾಗೆಂದು ಎರಡು ನಿಮಿಷದ ವಿಮಾನಯಾನ ಲೋಕದಲ್ಲಿ ಇಲ್ಲವೆ ಇಲ್ಲ ಎನ್ನಬೇಡಿ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡು ನಡುಗಡ್ಡೆಗಳಿವೆ. ಅವುಗಳ ನಡುವಿನ ವಿಮಾನಮಾರ್ಗ ಸುಮಾರು ೨.೭ ಕಿಲೋಮೀಟರು, ವೇಳಾಪಟ್ಟಿಯ ಕಾಲ ಎರಡು ನಿಮಿಷ. ೧೯೬೭ರಲ್ಲಿ ಆರಂಭವಾದ ಈ ಹಾರಾಟ ಒಮ್ಮೆ ೫೩ ಸೆಕೆಂಡುಗಳಲ್ಲಿ ಮುಗಿದದ್ದೂ ಉಂಟು. ಜಗತ್ತಿನ ಅತಿ ಕಿರಿದಾದ ಈ ವಿಮಾನಯಾನವನ್ನು ಯಾರೂ ಚೋದ್ಯಕ್ಕಾಗಿ ಆರಂಭಿಸಲಿಲ್ಲ. ನಡುವೆ ಒರಟು ಕಡಲಿದೆ; ಆಚೆ ದಡದಲ್ಲಿ ವೈದ್ಯರು, ಶಾಲೆ, ಅಂಗಡಿ ಇವೆ. ಎರಡೂವರೆ ಕಿಲೋಮೀಟರು ಎಂಬ ಅಂಕೆ ಅಲ್ಲಿಯವರಿಗೆ ಏನನ್ನೂ ಹೇಳದು. ನಡುವೆ ಏನಿದೆ ಎಂಬುದು ಎಲ್ಲವನ್ನೂ ಹೇಳುತ್ತದೆ.

ನಮ್ಮ ಎರಡು ಊರುಗಳ ನಡುವೆ ಇರುವುದೇನು? ರಸ್ತೆ ನೇರವಾಗಿಲ್ಲ. ಶಿಕಾರಿಪುರದಿಂದ ವಾಯವ್ಯಕ್ಕೆ ಶಿರಾಳಕೊಪ್ಪದವರೆಗೆ ಹೋಗಿ, ಅಲ್ಲಿ ಮಡಿಸಿದ ಮೊಣಕೈಯಂತೆ ಪಶ್ಚಿಮಕ್ಕೆ ತಿರುಗಿ ಸೊರಬ ಸೇರುತ್ತದೆ. ಒಟ್ಟು ಸುಮಾರು ನಲವತ್ತು ಕಿಲೋಮೀಟರು. ಬಸ್ಸಿನಲ್ಲಿ ಒಂದು ಗಂಟೆ ಅಥವಾ ಅದಕ್ಕೂ ತುಸು ಹೆಚ್ಚು. ಹಕ್ಕಿಗಿಂತ ಬಸ್ಸು ಹತ್ತು ಕಿಲೋಮೀಟರು ಹೆಚ್ಚು ಸುತ್ತುವುದು ದಂಡವಲ್ಲ. ಆ ಸುತ್ತಿನಲ್ಲಿ ಸಂತೆಯ ಊರು ಸಿಕ್ಕುತ್ತದೆ, ಆ ಮೊಣಕೈಯ ಆಸುಪಾಸಿನಲ್ಲಿ ಕದಂಬರ ಕಥೆಯನ್ನು ಕಲ್ಲಿನಲ್ಲಿ ಹೊತ್ತ ತಾಳಗುಂದವಿದೆ, ಅಲ್ಲಮನ ಬಳ್ಳಿಗಾವೆಯಿದೆ, ಅಕ್ಕಮಹಾದೇವಿಯ ಉಡುತಡಿಯಿದೆ. ಕಾಳಿದಾಸನ ಯಕ್ಷ ಮೇಘಕ್ಕೆ ದಾರಿ ಹೇಳುವಾಗ, ಉತ್ತರಕ್ಕೆ ಹೊರಟ ನಿನಗೆ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ನೋಡಿಕೊಂಡೇ ಹೋಗು ಎನ್ನುತ್ತಾನಷ್ಟೆ. ಮೋಡಕ್ಕೂ ನೇರ ದಾರಿಯೊಂದೇ ಒಳ್ಳೆಯ ದಾರಿಯಲ್ಲವೆಂದು ಆ ಕವಿ ಬಲ್ಲ. ಅಲ್ಲಮನೂ ಅಕ್ಕನೂ ಈ ಸೀಮೆಯಿಂದ ಕಲ್ಯಾಣಕ್ಕೆ ಹೋದರೆಂದು ಓದುತ್ತೇವೆ. ಬಳ್ಳಿಗಾವೆಯಿಂದ ಬಸವಕಲ್ಯಾಣ ನೇರ ದೂರದಲ್ಲೇ ನಾನೂರು ಕಿಲೋಮೀಟರಿಗೆ ಮಿಗಿಲು. ಮೊಮ್ಮಗನ ಜೆಟ್ಟಿಗೆ ಅದು ಅರ್ಧ ಗಂಟೆ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ನಡೆಯುವ ಕಾಲಿಗೆ ಹದಿನೇಳು ದಿನ, ಅದೂ ಯಾವ ಹೊಳೆಯೂ ಅಡ್ಡಬಾರದಿದ್ದರೆ.

ನೀರಿಗೋ ಮೂರನೆಯ ದಾರಿ. ಶಿಕಾರಿಪುರದ ಕಡೆ ಬಿದ್ದ ಮಳೆ ಕುಮುದ್ವತಿಗೆ ಸೇರುತ್ತದೆ. ಸೊರಬದ ಕಡೆ ಬಿದ್ದದ್ದು ದಂಡಾವತಿಗೆ ಸೇರಿ ವರದೆಗೆ ಹೋಗುತ್ತದೆ. ಮೂವತ್ತು ಕಿಲೋಮೀಟರು ಅಂತರದ ಎರಡು ಊರುಗಳ ನೀರು ಒಂದಾಗುವುದು ಜಿಲ್ಲೆಯ ಗಡಿ ದಾಟಿ, ಹಾವೇರಿ ಸೀಮೆಯಲ್ಲಿ ತುಂಗಭದ್ರೆಯೊಳಗೆ.

ನಮ್ಮ ಹಿರಿಯರು ದೂರವನ್ನು ಕಾಲಿನಿಂದಲೂ ಕೊರಳಿನಿಂದಲೂ ಅಳೆಯುತ್ತಿದ್ದರು. ಕೂಗಳತೆ, ಹರಿದಾರಿ, ಗಾವುದ. ಹರಿದಾರಿಯೆಂದರೆ ಸುಮಾರು ಮೂರು ಮೈಲಿ. "ಉಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದು" ಎಂದರೆ ಅದರಲ್ಲಿ ದೂರವೂ ಇತ್ತು, ಕಾಲವೂ ಇತ್ತು, ದಾರಿಯ ಏರುತಗ್ಗುಗಳೂ ಇದ್ದವು.

ಇದು ಬರಿಯ ಮಾತಿನ ಚಂದವೆಂದು ತಿಳಿಯಬಾರದು. ಕಾನೂನಿಗೂ ಈ ಪ್ರಶ್ನೆ ಎದುರಾಗಿದೆ. ೧೮೯೭ರ ಜನರಲ್ ಕ್ಲಾಸಸ್ ಆಕ್ಟ್ ಎಂಬ ಶಾಸನದ ಪ್ರಕಾರ, ಬೇರೆ ಉದ್ದೇಶ ಕಂಡುಬರದಿದ್ದರೆ ಕೇಂದ್ರದ ಕಾನೂನುಗಳಲ್ಲಿ ದೂರವನ್ನು ಸಮತಲದ ಮೇಲೆ ಸರಳರೇಖೆಯಲ್ಲಿ ಅಳೆಯಬೇಕು. ಅದು ಹಕ್ಕಿಯ ದಾರಿ. ಆದರೆ ಶಿಕ್ಷಣದ ಹಕ್ಕಿನ ೨೦೧೦ರ ಕೇಂದ್ರ ನಿಯಮಗಳು ಎಳೆಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ಹೇಳುವಾಗ "ನಡೆಯುವ ದೂರ" ಎಂದು ಸ್ಪಷ್ಟಪಡಿಸುತ್ತವೆ. ನೆರೆ, ಭೂಕುಸಿತ, ರಸ್ತೆಯಿಲ್ಲದ ಜಾಗಗಳಲ್ಲಿ ಆ ಮಿತಿಯನ್ನೂ ಕಡಮೆ ಮಾಡಬೇಕೆನ್ನುತ್ತವೆ. ಅಡಿಪಟ್ಟಿಗೆ ಕಾಣದ ಹಳ್ಳ, ಮಗುವಿನ ಕಾಲಿಗೆ ಕಾಣುತ್ತದೆ ಎಂಬ ಅರಿವು ಈ ಮಾತಿನಲ್ಲಿದೆ.

ಸೊರಬದ ನೆರೆಯ ಸಾಗರ ತಾಲ್ಲೂಕಿನ ಜನ ಇದನ್ನು ಅನುಭವಿಸಿಯೇ ತಿಳಿದವರು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ, ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಕಾಲಿಗೆ ದಕ್ಕದಂತಾಯಿತು. ತುಮರಿಯ ಕಡೆಯವರು ಲಾಂಚಿಗಾಗಿ ಕಾಯಬೇಕು. ಸಂಜೆಯ ಕೊನೆಯ ಲಾಂಚು ಹೋದರೆ ಬೆಳಗಿನವರೆಗೆ ನೀರೇ ಗಡಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ೨.೪೪ ಕಿಲೋಮೀಟರು ಉದ್ದದ ಸೇತುವೆ ಉದ್ಘಾಟನೆಯಾದದ್ದು ೨೦೨೫ರ ಜುಲೈ ೧೪ರಂದು. ಆ ದಿನ ಭೂಪಟದ ಮೇಲಿನ ನೇರ ದೂರ ಒಂದು ಅಂಗುಲವೂ ಬದಲಾಗಲಿಲ್ಲ. ಬದಲಾದದ್ದು ಅರುವತ್ತು ವರ್ಷಗಳ ಕಾಯುವಿಕೆ.

ಈಗ ನನ್ನ ಕೈ ತಡೆದ ಕಾರಣಕ್ಕೆ ಬರುತ್ತೇನೆ. ೧೯೭೯ರ ಆಷಾಢ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನ್ನ ಅಕ್ಕನನ್ನು ಸೊರಬಕ್ಕೆ ಕೊಟ್ಟಿತ್ತು. ಒಂದು ಸಂಜೆ ಅಲ್ಲಿಂದ ಬಂದ ಕೊನೆಯ ಬಸ್ಸಿನಲ್ಲಿ ಭಾವ ಆಳೊಬ್ಬನನ್ನು ಕಳುಹಿಸಿದ್ದರು. "ಅಕ್ಕಾವ್ರಿಗೆ ಜೋರಾಗಿದೆ, ನಿಮ್ಮನ್ನು ಕೇಳ್ತಿದಾರೆ" ಎಂದಷ್ಟೇ ಅವನು ಹೇಳಿದ. ಆ ಹೊತ್ತಿಗೆ ಹೋಗುವ ಬಸ್ಸಿರಲಿಲ್ಲ. ಹೊರಗೆ ಕೊಡೆ ನಿಲ್ಲದ ಮಳೆ. ರಾತ್ರಿಯೆಲ್ಲ ಎಚ್ಚರವಾಗಿ ಕುಳಿತಿದ್ದೆ. ನನ್ನ ಕೋಣೆಯ ಗೋಡೆಯ ಮೇಲೆ ಇದೇ ಭೂಪಟವಿತ್ತು. ಲಾಟೀನಿನ ಬೆಳಕಿನಲ್ಲಿ ಅದರ ಮೇಲೆ ಕೈಯಿಟ್ಟು ನೋಡಿದೆ. ಶಿಕಾರಿಪುರಕ್ಕೂ ಸೊರಬಕ್ಕೂ ನಾಲ್ಕು ಬೆರಳಿನ ದೂರ.

ಬೆಳಗಿನ ಮೊದಲ ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ನಿಂತುಬಿಟ್ಟಿತು. ರಸ್ತೆಯ ಮೇಲೆ ಹಳ್ಳ ಹರಿಯುತ್ತಿತ್ತು. ನೀರು ಇಳಿಯುವವರೆಗೆ ಕಾದು, ಆಚೆಗೆ ದಾಟಿ, ಸ್ವಲ್ಪ ದೂರ ನಡೆದು, ಸ್ವಲ್ಪ ದೂರ ಎತ್ತಿನ ಗಾಡಿಯಲ್ಲಿ ಹೋಗಿ ನಾನು ಅಕ್ಕನ ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು. ಜಗಲಿಯಲ್ಲಿ ಜನ ಸೇರಿದ್ದರು. ಬೆಳಗಿನ ಜಾವವೇ ಎಲ್ಲ ಮುಗಿದಿತ್ತು. ಭಾವ ನನ್ನ ಕೈ ಹಿಡಿದು, "ನೀನು ಬರ್ತೀಯಾ ಅಂತ ಬಾಗಿಲ ಕಡೆ ನೋಡ್ತಾ ಇದ್ದಳಪ್ಪಾ" ಎಂದರು. ಯಾರನ್ನೂ ದೂರುವಂತಿರಲಿಲ್ಲ. ಮಳೆ ಬಂದಿತ್ತು, ಹಳ್ಳ ತುಂಬಿತ್ತು, ಅಷ್ಟೇ. ಮುಂದಿನ ವಾರ ತರಗತಿಯಲ್ಲಿ ಭೂಪಟದ ಅಳತೆಯ ಪಾಠವಿತ್ತು. ಮಕ್ಕಳು ಅಡಿಪಟ್ಟಿಯಿಂದ ಊರು ಊರುಗಳ ದೂರ ತೆಗೆದು ಹೇಳಿದರು. ಅಂದಿನಿಂದ ನಾನು ಒಂದು ಪ್ರಶ್ನೆಯನ್ನು ಸೇರಿಸಿ ಕೇಳುತ್ತ ಬಂದೆ: "ಸರಿ, ನಡುವೆ ಏನೇನಿದೆ, ಅದನ್ನೂ ಹೇಳಿ."

ಇದನ್ನೆಲ್ಲ ಆ ಮಧ್ಯಾಹ್ನ ಮೊಮ್ಮಗನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿದ. ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಸೊರಬಕ್ಕೆ ಹೋದೆವು. ಕೆರೆಯ ಏರಿ ಬಂದಾಗಲೆಲ್ಲ ಅವನು ಕಿಟಕಿಯಿಂದ ಬೆಳ್ಳಕ್ಕಿಗಳನ್ನು ತೋರಿಸುತ್ತಿದ್ದ. ಸೊರಬ ತಾಲ್ಲೂಕಿನ ಗುಡವಿಯ ಕೆರೆಗೆ ಮಳೆಗಾಲದಲ್ಲಿ ಗೂಡು ಕಟ್ಟಲು ಬರುವ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳ ಕಥೆ ಹೇಳಿದೆ. ಅವೂ ಅಡಿಪಟ್ಟಿ ಹಿಡಿದು ಹಾರುವುದಿಲ್ಲ. ನೀರು ಕಂಡಲ್ಲಿ ಇಳಿದು, ಮೀನು ಸಿಕ್ಕಿದಲ್ಲಿ ತಂಗಿ, ಕೆರೆಯಿಂದ ಕೆರೆಗೆ ಹೋಗುತ್ತವೆ. ಹದ್ದಂತೂ ಬಿಸಿಗಾಳಿಯನ್ನು ಹುಡುಕಿ ಸುತ್ತು ಹೊಡೆದೇ ಮೇಲೇರುತ್ತದೆ. ಹಕ್ಕಿಯ ದಾರಿ ಎಂದು ನಾವು ಹೆಸರಿಟ್ಟ ಸರಳರೇಖೆ ಹಕ್ಕಿಗೂ ಸಲ್ಲದು.

ಬಸ್ಸು ಸೊರಬದಲ್ಲಿ ನಿಂತಾಗ ಹುಡುಗ ಕೈಗಡಿಯಾರ ನೋಡಿಕೊಂಡ. "ಒಂದು ಗಂಟೆ ಹತ್ತು ನಿಮಿಷ ಅಜ್ಜ" ಎಂದ. ಸ್ವಲ್ಪ ತಡೆದು, "ಹಳ್ಳದ ಮೇಲೆ ಈಗ ಸೇತುವೆ ಇದೆ, ನೋಡಿದೆ" ಎಂದು ಸೇರಿಸಿದ. ಅಕ್ಕನ ಮನೆಯ ಕಡೆ ತಿರುಗುವ ಬೀದಿಯಲ್ಲಿ ಅವನು ನನ್ನ ಕೈ ಹಿಡಿದುಕೊಂಡು ನಡೆದ.